ಆಯಿ ಹೇಳದ ಹೆಸರು

ಈ ಬರಹದಲ್ಲಿ ಯಾರ ಹೆಸರೂ ಬರುವುದಿಲ್ಲ. ಬರೆಯಲು ನನ್ನ ಸೋದರತ್ತಿ ಒಪ್ಪಿದ್ದೇ ಆ ಷರತ್ತಿನ ಮೇಲೆ. "ಬರಿ ಬೇಕಾದ್ರ. ಹೆಸರು ಹಾಕಬ್ಯಾಡ. ನಮ್ಮಪ್ಪಗ ಮಂದಿ ನಗಬಾರದು," ಎಂದಳು. ಅವಳ ಅವ್ವನನ್ನು ಆಡಿಕೊಂಡು ಇಷ್ಟು ವರ್ಷ ನಾನು ಮಂದಿಯನ್ನು ನಗಿಸಿದೆನಲ್ಲ, ಅದಕ್ಕೆ ಒಂದು ದಿನವೂ ಅವಳು ಬೇಡ ಅಂದಿರಲಿಲ್ಲ.

ನಾನು ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುವವಳು. ಆಗಸ್ಟ್ ಬಂತೆಂದರೆ ಭಾಷಣಕ್ಕೆ ನನಗೆ ಭಾರೀ ಬೇಡಿಕೆ. "ಕಿತ್ತೂರಿನ ಕಥಿ ಹುಡುಗೂರಿಗೆ ಬಾಯಿಪಾಠ ಆಗೇತ್ರಿ ಅಕ್ಕಾರ, ಯಾರೂ ಕೇಳಲಾರದ್ದು ಒಂದು ಹೇಳ್ರಿ," ಎನ್ನುತ್ತಾರೆ. ಹಾಗೆ ಕೇಳಿದವರಿಗೆಲ್ಲ ನಾನು ಬಡಿಸುತ್ತಿದ್ದುದು ನಮ್ಮ ಆಯಿಯ ಕಥೆ, ಅಂದರೆ ನನ್ನ ತಂದೆಯ ತಾಯಿಯದು.

ಕಥೆ ಇಷ್ಟೇ. ನಲವತ್ತೆರಡರ ಚಳವಳಿಯಲ್ಲಿ ಟೆಲಿಗ್ರಾಫ್ ತಂತಿ ಕತ್ತರಿಸಿದ ನಮ್ಮ ಮುತ್ಯಾ, ಅಂದರೆ ಆಯಿಯ ಗಂಡ, ನಾಲ್ಕಾರು ಗೆಳೆಯರ ಜೊತೆ ತೊರಗಲ್ ಕೋಟೆಯ ಕಡೆಗೆ ಓಡಿಹೋಗಿ ಅಡಗಿದ್ದ. ಆಯಿ ಅವರಿಗೆ ಬುತ್ತಿ ಒಯ್ಯುತ್ತಿದ್ದಳು. ಒಂದು ದಿನ ಯರಗಟ್ಟಿ ದಾಟಿದ ಮೇಲೆ ತಪಾಸಣೆಯ ನಾಕೆಯಲ್ಲಿ ಪೊಲೀಸರು ತಡೆದರು. ಅಲ್ಲಿ ಅವಳ ಗುರುತು ಯಾರಿಗೂ ಇರಲಿಲ್ಲ. ಗಂಟು ಬಿಚ್ಚಿದರೆ ರೊಟ್ಟಿಯ ರಾಶಿ. "ಇಷ್ಟೂ ಯಾರಿಗೆ?" ಎಂದ ಫೌಜದಾರ. "ನಮ್ಮನಿಯವರಿಗ್ರಿ, ಭಾಳ ಉಣತಾರ." "ಏನವನ ಹೆಸರು?" ಎಂದರೆ ಆಯಿ ಸೆರಗು ಬಾಯಿಗೆ ಒತ್ತಿಕೊಂಡು, "ಅಯ್ಯ, ಗಂಡನ ಹೆಸರು ಹೇಳಬಾರದ್ರಿ, ಪಾಪ ಹತ್ತತೈತಿ," ಎಂದಳಂತೆ. ಗದರಿಸಿದರೂ ಇಲ್ಲ, ಬೆತ್ತ ತೋರಿಸಿದರೂ ಇಲ್ಲ. ಮದುವೆಯಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರನ್ನು ಪದದಲ್ಲಿ ಕಟ್ಟಿ ಹೇಳುವ ಹಾಗೆ ಒಡಪಿಟ್ಟಾದರೂ ಹೇಳು ಎಂದರೆ ಅದಕ್ಕೂ ನಾಚಿದಳಂತೆ. ಕೊನೆಗೆ ಬೇಸತ್ತ ಫೌಜದಾರ, "ಹೋಗ ಹುಚ್ಚಿ," ಎಂದು ಬಿಟ್ಟನಂತೆ. ಹೀಗೆ ಒಬ್ಬಳ ದಡ್ಡತನದಿಂದ ಇಡೀ ಗುಂಪು ಉಳಿಯಿತು.

ಮಂದಿ ಬಿದ್ದು ಬಿದ್ದು ನಗುತ್ತಿದ್ದರು. ನಾನು ಗಂಡನನ್ನು ಹೆಸರು ಹಿಡಿದು ಕರೆಯುವವಳು. ಅದನ್ನೂ ಸೇರಿಸಿ, "ಈಗ ನೋಡ್ರಿ, ನಾವು ಎಷ್ಟು ಮುಂದ ಬಂದೀವಿ!" ಎಂದು ಮುಗಿಸುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು. ಎಂಥ ಜಂಬ ನನಗೆ!

ಹೋದ ವರ್ಷ ರಾಮದುರ್ಗ ತಾಲ್ಲೂಕಿನ ಒಂದು ಊರಿನ ಶಾಲೆಯವರು ಇದನ್ನೇ ನಾಟಕ ಮಾಡಿಕೊಡಿ ಎಂದರು. ಬರೆದುಕೊಟ್ಟೆ. ಹೋರಾಟಗಾರರ ಮಗಳು ಇನ್ನೂ ಇದ್ದಾಳೆಂದು ತಿಳಿದು ಸವದತ್ತಿಯಿಂದ ಅತ್ತಿಯನ್ನೂ ಕರೆಸಿದರು. ಅವಳಿಗೆ ಎಂಬತ್ತು ದಾಟಿ ಎಷ್ಟೋ ವರ್ಷ. ನಾನು ಈ ಕಥೆ ಹೇಳಿ ನಗಿಸುತ್ತೇನೆಂದು ಗೊತ್ತಿದ್ದರೂ ಅವಳು ಅದನ್ನು ಯಾವ ವೇದಿಕೆಯಲ್ಲೂ ಕೇಳಿರಲಿಲ್ಲ. ಅವಳಿಗೆ ಖುಷಿಯಾಗುತ್ತದೆ ಎಂದೇ ನಾನು ಕಾರು ಮಾಡಿಕೊಂಡು ಹೋಗಿ ಕರೆತಂದೆ.

ಎಂಟನೆಯ ತರಗತಿಯ ಹುಡುಗಿಯೊಬ್ಬಳು ಆಯಿಯಾಗಿದ್ದಳು. ಭಲೇ ಚುರುಕು. ನಾನು ಬರೆದಿದ್ದ ಒಡಪನ್ನು ಸೊಂಟ ಕುಣಿಸಿ ಹೇಳಿದಳು:

"ಬಿಳಿಜ್ವಾಳದ ರೊಟ್ಟಿ, ಮ್ಯಾಲ ಬೆಣ್ಣಿ ಮುದ್ದಿ,
ಹೆಸರು ಕೇಳಬ್ಯಾಡ್ರಿ ಸಾಹೇಬ್ರ, ನನಗ ಬರತೈತಿ ನಿದ್ದಿ!"

ಪೆಂಡಾಲು ಹಾರಿಹೋಗುವಂತೆ ನಕ್ಕರು. ನಾನೂ ನಕ್ಕೆ. ನಗುತ್ತಲೇ ಅತ್ತಿಯ ಕಡೆ ತಿರುಗಿದರೆ ಅವಳು ಮಡಿಲಲ್ಲಿ ಎರಡೂ ಕೈ ಬಿಗಿಹಿಡಿದು ನೆಲ ನೋಡುತ್ತಿದ್ದಳು. ಅವ್ವನ ನೆನಪಾಗಿರಬೇಕು ಎಂದುಕೊಂಡೆ. ಶಾಲು ಹೊದಿಸಿ ಮೈಕು ಕೊಟ್ಟಾಗ, "ಮಕ್ಕಳು ಚಲೋ ಮಾಡಿದ್ರು," ಎಂದಷ್ಟೇ ಹೇಳಿ ಕುಳಿತಳು.

ಅವಳನ್ನು ಬೈಲಹೊಂಗಲಕ್ಕೆ ನಮ್ಮ ಮನೆಗೇ ಕರೆದುಕೊಂಡು ವಾಪಸು ಬರುವಾಗ ಯರಗಟ್ಟಿಗಿಂತ ಮೊದಲು ಒಂದು ಚಹಾದಂಗಡಿಯ ಎದುರು ಕಾರು ನಿಲ್ಲಿಸಲು ಹೇಳಿದಳು. ನಾಕೆ ಅಲ್ಲೇ ಎಲ್ಲೋ ಇತ್ತಂತೆ. ಚಾಲಕ ಚಹಾಕ್ಕೆ ಇಳಿದ. ಅತ್ತಿ ಇಳಿಯಲಿಲ್ಲ.

"ಅವ್ವ ಅಪ್ಪನ ಹೆಸರು ಹೇಳತಿರಲಿಲ್ಲ ಅಂತ ನಿನಗ ಯಾರು ಹೇಳಿದ್ರ?" ಎಂದಳು.

"ಆಗಿನ ಕಾಲದಾಗ ಯಾರು ಹೇಳತಿದ್ರು ಅತ್ತಿ?"

"ಮಂದಿ ಮುಂದ ಹೇಳತಿರಲಿಲ್ಲ. ಅಡಗಿಮನ್ಯಾಗ ದಿನಾ ಹೆಸರು ಹಿಡದ ಕರೀತಿದ್ಲು. ಸಿಟ್ಟು ಬಂದ್ರ ಒಂಥರಾ, ಪ್ರೀತಿ ಬಂದ್ರ ಒಂಥರಾ. ನಮ್ಮಪ್ಪನ ಹೆಸರು ನಾ ಕಲತದ್ದ ಆಕಿ ಬಾಯಿಂದ."

ಅತ್ತಿ ಕಿಟಕಿಯಾಚೆ ಕೈ ತೋರಿಸಿದಳು.

"ಅವತ್ತು ನಾನೂ ಇದ್ನೆವ್ವಾ. ಸೆರಗ ಹಿಡಕೊಂಡು ನಿಂತಿದ್ದೆ. ಆಕಿ ಬೇಕಂತನ ಹುಚ್ಚಿಯಂಗ ಮಾಡಿದ್ಲು. ಸುಳ್ಳು ಹೆಸರು ಹೇಳಿದ್ರ ಊರಿಗೆ ಮಂದಿ ಕಳಿಸಿ ಕೇಳತಿದ್ರು, ಸಿಕ್ಕ ಬೀಳತಿದ್ಲು. ಪಾಪ ಹತ್ತತೈತಿ ಅನ್ನಾಕಿಗೆ ಏನ್ ಮಾಡ್ತಾರ? ಫೌಜದಾರ ನಂಬಿದ. ನಂಬಿ ನನ್ನ ಕಡಿ ತಿರಗಿದ. ಕೈಯಾಗ ಬೆಲ್ಲ ಇಟ್ಟು, ನಿಮ್ಮಪ್ಪನ ಹೆಸರೇನವ್ವಾ, ನೀ ಶಾಣ್ಯಾಕಿ ಅದಿ ಅಂದ. ನಾ ಬಾಯಿ ತೆರದೆ."

"ಹೇಳಿದ್ಯಾ?"

"ಅವ್ವ ತೊಡಿ ಚಿವುಟಿದ್ಲು. ಚಿಟ್ಟನ ಚೀರಿದೆ. ಅಂವ ಅದನ್ನ ಕಂಡ. ಬೆತ್ತ ತಿರುವಿ ಆಕಿ ಕಿವಿ ಮ್ಯಾಲ ಹೊಡದ, ರಕ್ತ ಸುರೀತು. ಸಂಜಿತನಕ ಬಿಸಲಾಗ ನಿಂದರಿಸಿದ್ರು. ಮತ್ತ ಮತ್ತ ನನ್ನ ಕೇಳಿದ್ರು. ನಾ ಬರೇ ಅಳಕೋತ ನಿಂತೆ. ಆಮ್ಯಾಲೆ ಬ್ಯಾಸತ್ತು ಬಿಟ್ರು." ಅತ್ತಿ ಕಣ್ಣು ಒರೆಸಿಕೊಂಡಳು. "ದಾರ್ಯಾಗ ಆ ಬೆಲ್ಲ ತಿಂದೇನಿ ನಾ. ಅವ್ವನ ಕಿವಿಯಿಂದ ರಕ್ತ ಬರಾಕತ್ತಿತ್ತು, ನಾ ಬೆಲ್ಲ ತಿನ್ನಾಕತ್ತಿದ್ದೆ."

"ಸಣ್ಣಾಕಿ ಇದ್ದಿ ಅತ್ತಿ," ಎಂದೆ. ನನ್ನ ದನಿ ನನಗೇ ಹಿಡಿಸಲಿಲ್ಲ. ಐದು ವರ್ಷದ ಕೂಸು ತಿಂದ ಬೆಲ್ಲಕ್ಕೆ ಸಮಾಧಾನ ಹೇಳಬಹುದು, ಮೊಮ್ಮಗಳು ಗಿಟ್ಟಿಸಿದ ಚಪ್ಪಾಳೆಗೆ ಯಾರು ಹೇಳಬೇಕು? ಆಯಿಯ ಎಡಗಿವಿ ಕೇಳುತ್ತಿರಲಿಲ್ಲ. ವಯಸ್ಸಾದವರಿಗೆ ಇದ್ದದ್ದೇ ಎಂದುಕೊಂಡಿದ್ದೆವು. ಹುಡುಗರೆಲ್ಲ ಸೇರಿ ಅವಳ ಎಡಕ್ಕೆ ನಿಂತು, "ಕೆಪ್ಪೀ, ಏ ಕೆಪ್ಪೀ," ಎಂದು ಪಿಸುಗುಟ್ಟಿ ಕಿಸಕ್ಕನೆ ನಗುತ್ತಿದ್ದೆವು. ಅವಳು ತಿರುಗಿ ನೋಡಿ ಕೊಬ್ಬರಿ ಕೊಡುತ್ತಿದ್ದಳು. ಕಾರಿನ ಬಾಗಿಲು ತೆಗೆದು ಎತ್ತಲಾದರೂ ಹೋಗಿಬಿಡಬೇಕು ಅನ್ನಿಸಿತು.

ಅಷ್ಟರಲ್ಲಿ ಫೋನು ಬಂತು. ಕಿತ್ತೂರಿನ ಕಡೆಯ ಶಾಲೆಯೊಂದರ ಹೆಡ್ ಮಾಸ್ತರು. ಅದೇ ನಾಟಕ ಅವರಿಗೂ ಬೇಕಿತ್ತು.

"ಅದು ಬ್ಯಾಡ್ರಿ ಸರ್. ಅದು ಸರಿಯಿಲ್ಲ," ಎಂದೆ.

"ಯಾಕ್ರಿ ಅಕ್ಕಾರ? ಮಂದಿ ಹೊಟ್ಟಿ ಹಿಡಕೊಂಡು ನಕ್ಕರಂತಲ್ರಿ!"

ನಿಜ ಹೇಳಲು ಬಾಯಿ ತೆರೆದೆ. ಅತ್ತಿ ನನ್ನ ಮೊಣಕೈ ಹಿಡಿದು ಬೇಡವೆಂದು ತಲೆಯಾಡಿಸಿದಳು. ನೋಡೋಣ ಎಂದು ಫೋನು ಇಟ್ಟೆ.

"ಯಾಕ ಬ್ಯಾಡ? ಇನ್ನ ಎಷ್ಟು ದಿನ ಆಯಿನ್ನ ದಡ್ಡಿ ಮಾಡೂದು?"

"ಖರೇ ಹೇಳಿದ್ರ ಹೆಂಡ್ತಿ ಕಡಿಂದ ಹೆಸರು ಹಿಡದು ಕರಿಸ್ಕೊಂಡಾಂವ ಅಂತ ಅಪ್ಪನ್ನ ಆಡಕೋತಾರ."

"ಈಗ ಯಾರು ಆಡಕೋತಾರ ಅತ್ತಿ? ಮುತ್ಯಾನರ ಹೇಳಬಾರದಿತ್ತಾ ಖರೇ ಏನಂತ? ಅವನಿಗೆ ಗೊತ್ತಿತ್ತಲ್ಲ?"

ಅತ್ತಿ ನನ್ನನ್ನೇ ನೋಡಿದಳು. ಹೇಳಲೋ ಬೇಡವೋ ಎಂದು ತೂಗುತ್ತಿದ್ದಳು ಎಂದು ಕಾಣುತ್ತದೆ.

"ಗೊತ್ತಿಲ್ದ ಏನು? ಎಲ್ಲಾರಿಗಿಂತ ಮೊದಲ, ಮಂದಿ ಮುಂದ ಇದನ್ನ ಹೇಳಿ ನಗಿಸಿದಾಂವನ ಅಂವ. ಕಟ್ಟಿ ಮ್ಯಾಲ ಕುಂತು, ನಮ್ಮಾಕಿ ಹುಚ್ಚಿ, ನನ್ನ ಹೆಸರು ಹೇಳಾಕ ನಾಚಿ ನಮ್ಮನ್ನೆಲ್ಲಾ ಉಳಿಸಿದ್ಲು ಅಂತಿದ್ದ. ನಿಮ್ಮಪ್ಪ ಅವನ ಬಾಯಿಂದ ಕಲತ, ನೀ ನಿಮ್ಮಪ್ಪನ ಬಾಯಿಂದ."

ಚಾಲಕ ಬಂದು ಗಾಡಿ ಚಾಲೂ ಮಾಡಿದ. ನನಗೆ ಒಂದನ್ನು ಕೇಳದೆ ಇರಲಾಗಲಿಲ್ಲ.

"ಮುತ್ಯಾ ನಗಿಸೂ ಮುಂದ ಆಯಿ ಏನಂತಿದ್ಲು?"

"ಏನಂತಾಳ? ಒಳಗ ಕೂತು ಅಕ್ಕಿ ಹಸನ ಮಾಡತಿದ್ಲು," ಎಂದಳು ಅತ್ತಿ. "ಕೇಳೂ ಕಿವಿ ಗ್ವಾಡಿ ಕಡಿ ಮಾಡಿ, ಕೇಳಲಾರದ ಕಿವಿ ಅವನ ಕಡಿ ಮಾಡಿ ಕುಂಡ್ರತಿದ್ಲು."