ಹೊನ್ನಾಳಿಯಿಂದ ಬಂದ ನೋಟ್‌ಬುಕ್ಕು

ಕಳೆದ ಬುಧವಾರ ನನ್ನದೇ ಮನೆಯ ಹಾಲ್‌ನಲ್ಲಿ ಒಬ್ಬರು ನನ್ನ ಬಾಯಿ ಮುಚ್ಚಿಸಿದರು. ಒಂದು ಸಲ ಅಲ್ಲ, ಎಂಟು ಸಲ. ಎಣಿಸಿದ್ದೇನೆ.

(ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕೂಗಿ ಪಳಗಿದ ಗಂಟಲು ನನ್ನದು. ಅದನ್ನು ಸುಮ್ಮನಾಗಿಸುವುದು ನಮ್ಮ ಯಜಮಾನರ ಕೈಲೂ ಆಗಿಲ್ಲ. ಬೇಕಿದ್ದರೆ ಫೋನ್ ಮಾಡಿ ಕೇಳಿ.)

ಬಾಯಿ ಮುಚ್ಚಿಸಿದವರು ಶಾಂತಮ್ಮ. ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿ ಕಡೆಯವರು. ಹಳ್ಳಿ ನಾಟಕಗಳಿಗೆ ಹೆಣ್ಣಿನ ಪಾತ್ರ ಮಾಡಲು ಊರೂರು ಸುತ್ತುವ ಕಲಾವಿದೆ. ಎರಡು ಬಸ್ಸು ಬದಲಿಸಿ ಚನ್ನಗಿರಿಗೆ ಬಂದು, ನಾಲ್ಕು ಕಡೆ ಕೇಳಿಕೊಂಡು, ನಮ್ಮ ಗೇಟಿನ ಮುಂದೆ ನಿಂತು ಅಂದರು: “ನಮ್ಮ ನಾಟಕ ಬ್ಯಾಡ ಅಂತ ಬರೆದೋರು ನೀವೇ ಏನ್ರೀ ಮೇಡಂ?”

ನಾನೇ. ಇಲ್ಲ ಅನ್ನಲಿಕ್ಕೆ ಬರುತ್ತಾ? ಕೈಯಲ್ಲೇ ನನ್ನ ಸಹಿ ಹಿಡಿದುಕೊಂಡಿದ್ದರು.

ವಿಷಯ ಇಷ್ಟು. ನಮ್ಮ ಜಿಲ್ಲಾ ಕೇಂದ್ರದ ಒಂದು ರಂಗಮಂದಿರದವರು ಈ ವರ್ಷ ಒಳ್ಳೇ ಕೆಲಸಕ್ಕೆ ಕೈ ಹಾಕಿದ್ದಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕೂ ತಾಲ್ಲೂಕಿನವರಿಂದ ಒಂದೊಂದು ಹೊಸ ನಾಟಕ ಬರೆಸಿ ತಾವೇ ಆಡಿಸುವುದು. ಬರೆಯುವವರು ಇಲ್ಲಿನವರೇ ಆಗಿರಬೇಕು. ನಾಟಕ ಎಲ್ಲೂ ಆಡಿದ್ದಾಗಿರಬಾರದು. ಆರಿಸಲಿಕ್ಕೆ ಮೂವರ ಸಮಿತಿ: ಒಬ್ಬರು ನಿವೃತ್ತ ಪ್ರಿನ್ಸಿಪಾಲರು, ಇನ್ನೊಬ್ಬರು ಕವಿಗಳು, ಮೂರನೆಯವಳು ನಿಮ್ಮ ಈ ಅಂಕಣಗಾರ್ತಿ.

ಚನ್ನಗಿರಿಯಿಂದ ಬಂದವುಗಳಲ್ಲಿ ಅರ್ಧ ಊರ ಕೋಟೆಯ ಕಥೆ, ಅರ್ಧ ಪರಿಸರ ಜಾಗೃತಿ. ಜಗಳೂರಿನದು ಟ್ಯಾಂಕರ್ ನೀರಿನ ಸರದಿಯಲ್ಲಿ ಶುರುವಾಗುವ ಪ್ರೇಮ, ಓದಿ ನಕ್ಕಿದ್ದೇ ನಕ್ಕಿದ್ದು. ನ್ಯಾಮತಿಯದು ಹೊಸ ತಾಲ್ಲೂಕು ಆದ ಮೇಲೆ ಊರಿನ ಬೋರ್ಡುಗಳನ್ನೆಲ್ಲ ಮತ್ತೆ ಬರೆಯುವ ಪೇಂಟರ್ ಕಥೆ. ಚೆನ್ನಾಗಿತ್ತು. ಹೊನ್ನಾಳಿಯಿಂದ ಬಂದದ್ದು ಮೂರು. ಎರಡು ಹಳೇ ನಾಟಕಗಳೇ, ಹೆಸರು ಮಾತ್ರ ಹೊಸದು. ಮೂರನೆಯದು ಒಂದು ಗೆರೆ ಹಾಕಿದ ನೋಟ್‌ಬುಕ್ಕು.

ಅದನ್ನು ಬಿಚ್ಚಿದರೆ ಎಡಗಡೆ ಎರಡೆರಡು ಪದ, ಬಲಗಡೆ ತುಂಡು ಮಾತು. ‘ಅಣ್ಣಾ, ಒಂದು ಮಾತು...’ ಮುಂದೇನೂ ಇಲ್ಲ. ‘ಅಲ್ರೀ, ನನಗೆ ಅದು...’ ಮುಂದೇನೂ ಇಲ್ಲ. ‘ಮಾಸ್ತರೇ, ಸ್ವಲ್ಪ ನನ್ನ...’ ಅಷ್ಟೇ. ಇದೆಂಥ ನಾಟಕ? ಕೆಂಪು ಪೆನ್ನು ತಗೊಂಡು ಅದರ ರಟ್ಟಿನ ಮೇಲೇ ಬರೆದೆ: ‘ಅಪೂರ್ಣ. ಬರೆದವರಿಗೆ ನಾಟಕ ಎಂದರೇನೆಂಬ ತಿಳಿವಳಿಕೆ ಇದ್ದಂತಿಲ್ಲ.’ (ಚಾಳಿ. ನಿವೃತ್ತಿಯಾದರೂ ಕೆಂಪು ಪೆನ್ನು ನನ್ನನ್ನು ಬಿಟ್ಟಿಲ್ಲ.) ಉಳಿದಿಬ್ಬರೂ ಕೆಳಗೆ ಸಹಿ ಹಾಕಿದರು. ನೋಟ್‌ಬುಕ್ಕು ಬರೆದವರಿಗೆ ವಾಪಸ್ ಹೋಯಿತು. ಹೊನ್ನಾಳಿಯಿಂದ ಯೋಗ್ಯ ನಾಟಕ ಬಂದಿಲ್ಲ, ಆ ಜಾಗವನ್ನು ಚನ್ನಗಿರಿಯ ಇನ್ನೊಂದು ನಾಟಕಕ್ಕೆ ಕೊಡೋಣ ಅಂದೆವು. ಟೀ ಕುಡಿದು ಎದ್ದೆವು.

ಆ ಇನ್ನೊಂದು ನಾಟಕ ಬರೆದವನು ನನ್ನ ಹಳೇ ವಿದ್ಯಾರ್ಥಿ. ಆದೇಶ ಹೊರಡುವ ಮೊದಲೇ ನಾನೇ ಫೋನ್ ಮಾಡಿ ಅವನಿಗೆ ಕಂಗ್ರಾಟ್ಸ್ ಹೇಳಿದ್ದೆ. ತಡೆಯಲಿಕ್ಕಾಗಿರಲಿಲ್ಲ.

ಈಗ ಶಾಂತಮ್ಮ ನಮ್ಮ ಸೋಫಾದ ಅಂಚಿನಲ್ಲಿ ಕೂತಿದ್ದರು.

“ಜಗಳಕ್ಕೆ ಬಂದಿಲ್ಲ ಮೇಡಂ. ಅಪೂರ್ಣ ಅಂದೀರಿ. ಎಲ್ಲಿ ಕಮ್ಮಿ ಬಿದ್ದೈತೆ ತೋರಿಸ್ರಿ, ತುಂಬಿ ಕೊಡ್ತೀನಿ.”

“ಇದ್ರಾಗೆ ಬರೀ ಒಬ್ಬಾಕೆ ಮಾತು ಐತಲ್ರೀ ಶಾಂತಮ್ಮಾರೆ,” ಅಂದೆ. (ನಾನೂ ಇದೇ ಕಡೆಯ ನಲ್ಲೂರಿನವಳೇ. ಸಿಟ್ಟಿಗೂ ಸಂಕೋಚಕ್ಕೂ ನಾಲಿಗೆ ಊರಿಗೇ ಹೋಗುತ್ತದೆ.) “ಉಳಿದೋರ ಮಾತು ಎಲ್ಲಿ?”

ಅವರು ನನ್ನ ಮುಖವನ್ನೇ ನೋಡಿದರು. ಇಷ್ಟೂ ಗೊತ್ತಿಲ್ವಾ ಅನ್ನುವ ನೋಟ. ವೈರ್ ಬ್ಯಾಗಿನಿಂದ ಇನ್ನೂ ನಾಲ್ಕು ನೋಟ್‌ಬುಕ್ಕು ತೆಗೆದು ಟೀಪಾಯಿ ಮೇಲಿಟ್ಟರು. “ಅವರವರ ಮಾತು ಅವರವರ ಪುಸ್ತಕದಾಗೆ ಐತೆ.”

ಅಯ್ಯೋ ದೇವರೇ!

ನಮ್ಮ ಕಡೆ ಹಳ್ಳಿ ನಾಟಕ ನೋಡಿದವರಿಗೆ ಇದು ಗೊತ್ತಿರಬೇಕು. ನನಗೂ ಗೊತ್ತಿರಬೇಕಿತ್ತು. ಗಂಡು ಪಾತ್ರಗಳು ಊರಿನವರದು, ಹೆಣ್ಣು ಪಾತ್ರಕ್ಕೆ ಹೊರಗಿನ ಕಲಾವಿದೆ. ಒಬ್ಬೊಬ್ಬರಿಗೆ ಒಂದೊಂದು ನೋಟ್‌ಬುಕ್ಕು, ಅದರಲ್ಲಿ ಅವರ ಮಾತು ಮಾತ್ರ. ಎದುರಿನವನು ಯಾವ ಪದಕ್ಕೆ ನಿಲ್ಲಿಸುತ್ತಾನೆ ಎಂಬ ಗುರುತು ಎಡಗಡೆ. ಇಡೀ ನಾಟಕದ ಪುಸ್ತಕ ಇರುವುದು ಹಾರ್ಮೋನಿಯಂ ಹಿಡಿದು ಕಲಿಸುವ ನಾಟಕದ ಮಾಸ್ತರ ಹತ್ತಿರ ಮಾತ್ರ.

“ಮೂವತ್ತು ವರ್ಷದಾಗೆ ಒಬ್ಬ ಮಾಸ್ತರೂ ಪೂರಾ ಪುಸ್ತಕ ನನ್ನ ಕೈಗೆ ಕೊಟ್ಟಿಲ್ರೀ. ನಾಟಕ ಬರಿಯಾದು ಅಂದ್ರೆ ಹಿಂಗೇ ಅನ್ಕಂಡೆ. ಹೀರೋಯಿನ್ ಪುಸ್ತಕ ಕಳಿಸಿದ್ರೆ ನೋಡಿ, ಸರಿ ಅನಿಸಿದ್ರೆ ಕರೆಸಿ ಉಳಿದಿದ್ದು ಕೇಳ್ತಾರೆ ಅನ್ಕಂಡೆ.”

ಕರೆಸಿ ಕೇಳುವುದು! ನಮ್ಮ ಮೂವರಲ್ಲಿ ಒಬ್ಬರಿಗಾದರೂ ಅದು ಹೊಳೆಯಿತಾ?

ಹಳ್ಳಿಗಳಲ್ಲಿ ಹೊಸ ನಾಟಕವೇ ಬರುತ್ತಿಲ್ಲ ಅಂತ ಇದೇ ಅಂಕಣದಲ್ಲಿ ನಾನು ಎಷ್ಟು ಸಲ ಗೋಳಾಡಿಲ್ಲ? ಕಾರಣ ನನ್ನ ಸೋಫಾ ಮೇಲೇ ಕೂತಿತ್ತು. ಕಲಾವಿದೆ ಬಸ್ಸಿಳಿಯುವುದು ನಾಟಕದ ದಿನವೇ. ಆಕೆಗೆ ಬಾಯಿಪಾಠ ಇರುವ ಹಳೇ ನಾಟಕಗಳೇ ನಡೆಯಬೇಕು. ಹೊಸದು ಆಡಬೇಕೆಂದರೆ ಮೊದಲು ಆಕೆಯನ್ನು ಕೂರಿಸಿ ಕೇಳಬೇಕು. ಅಷ್ಟು ಪುರುಸೊತ್ತು ಯಾರಿಗಿದೆ?

“ಈಗ ನೀವು ಹೀರೋಯಿನ್ ಪುಸ್ತಕ ಹಿಡೀರಿ, ಉಳಿದೋರೆಲ್ಲ ನಾನು,” ಅಂತ ಶಾಂತಮ್ಮ ಎದ್ದರು. ಟೀಪಾಯಿ ಗೋಡೆಗೆ ಸರಿಯಿತು. ನನ್ನ ಯಜಮಾನರ ಟವೆಲ್ಲು ಅವರ ಹೆಗಲೇರಿತು. ಅಷ್ಟೇ, ನನ್ನ ಹಾಲ್‌ನಲ್ಲಿ ಒಬ್ಬ ನಾಟಕದ ಮಾಸ್ತರು ನಿಂತಿದ್ದ. ಮುಂಗೋಪಿ, ಎಲೆ ಅಡಿಕೆ ಬಾಯಿ.

ಕಥೆ ಏನಪ್ಪಾ ಅಂದರೆ, ಒಂದೂರಲ್ಲಿ ನಾಟಕದ ದಿನವೇ ಮಾಸ್ತರು ಪುಸ್ತಕ ಕಳಕೊಳ್ಳುತ್ತಾನೆ. ಊರಿಗೆ ಊರೇ ಹುಡುಕುತ್ತದೆ. ಇಡೀ ನಾಟಕ ಗೊತ್ತಿರುವುದು ಆವತ್ತು ಮಧ್ಯಾಹ್ನ ಬಸ್ಸಿಳಿದ ನಾಯಕಿಗೆ ಮಾತ್ರ. ವರ್ಷಗಟ್ಟಲೆ ಪರದೆ ಪಕ್ಕ ನಿಂತು ಎಲ್ಲರ ಮಾತೂ ಬಾಯಿಗೆ ಬಂದಿದೆ. ಆದರೆ ಅವಳನ್ನು ಯಾರು ಕೇಳಬೇಕು?

ನಾನು ಓದಿದೆ: “ಅಣ್ಣಾ, ಒಂದು ಮಾತು...”

“ಏಯ್, ಸುಮ್ಕಿರಮ್ಮ! ಇಲ್ಲಿ ಪುಸ್ತಕ ಹೋಗೈತೆ, ಈಕೆದೊಂದು ಮಾತಂತೆ!” ಮಾಸ್ತರು ಗದರಿಸಿದ.

“ಅಲ್ರೀ, ನನಗೆ ಅದು...”

“ನಿಂಗೆ ಊಟ ಆತಾ ಇಲ್ವಾ? ಹೋಗಿ ಉಣ್ಣು ಹೋಗು.” ಇದು ಗೌಡ. ಟವೆಲ್ಲು ತಲೆಗೆ ಏರಿತ್ತು, ಧ್ವನಿ ಹೊಟ್ಟೆಯಿಂದ ಬರುತ್ತಿತ್ತು.

ಮೂರನೇ ಸಲ ಬಾಯಿ ಮುಚ್ಚಿಸಿದಾಗ ನಕ್ಕೆ. ಐದನೇ ಸಲ ಮೈ ಉರಿಯಿತು. ಎಂಟನೇ ಸಲ ಪುಸ್ತಕ ಬಿಟ್ಟು ಕೂಗಿಯೇ ಬಿಟ್ಟೆ: “ಅರೆ, ನನಗೂ ಒಂಚೂರು ಮಾತಾಡಾಕೆ ಬಿಡ್ರೀ!”

ಶಾಂತಮ್ಮ ಚಪ್ಪಾಳೆ ತಟ್ಟಿದರು. “ಹಾಂ! ಅದೇ ಮೇಡಂ ನಾಟಕ. ಈಗ ಪುಟ ತಿರುವ್ರಿ.”

ತಿರುವಿದೆ. ಹನ್ನೊಂದನೇ ಪುಟ. ಎಡಗಡೆ ಯಾರ ಗುರುತೂ ಇಲ್ಲ. ಒಂದೂವರೆ ಪುಟ ಆ ಹೆಣ್ಣುಮಗಳು ಒಬ್ಬಳೇ ಮಾತಾಡುತ್ತಾಳೆ. ಕಳೆದುಹೋದ ಪುಸ್ತಕದ ರಾಜನ ಮಾತು, ಮಂತ್ರಿಯ ಮಾತು, ಹಾಸ್ಯದವನ ಮಾತು, ಎಲ್ಲಾ ಅವಳ ಬಾಯಲ್ಲೇ, ಒಂದು ಅಕ್ಷರ ತಪ್ಪದೆ. ಊರು ಬಾಯಿ ಬಿಟ್ಟುಕೊಂಡು ಕೇಳುತ್ತದೆ. ಓದುತ್ತಾ ಓದುತ್ತಾ ಖುಷಿಯಾಯಿತು. ನಾಚಿಕೆಯಾಯಿತು. ಎರಡೂ ಒಟ್ಟಿಗೇ ಆಯಿತು.

“ಹೀರೋಯಿನ್ ಪಾರ್ಟು ನೀವೇ ಮಾಡ್ತೀರಾ?” ಮೂಗೊರೆಸಿಕೊಂಡು ಕೇಳಿದೆ.

“ಛೇ ಛೇ, ಅದನ್ನ ಯಾರಾನ ಚಿಕ್ಕ ಹುಡುಗಿ ಮಾಡ್ಲಿ. ಮಾಸ್ತರ ಪಾರ್ಟು ನಂದು.” ಟವೆಲ್ಲು ಮಡಿಸಿ ಕುರ್ಚಿ ಮೇಲೆ ಹಾಕುತ್ತಾ ಅಂದರು: “ಇಷ್ಟು ವರ್ಷ ಎಲ್ರೂ ನನ್ನ ಅಳಾಕೆ ಕರೆದ್ರು ಮೇಡಂ. ಒಂದ್ಸಲ ಹೇಳಿಕೊಡಾಕೆ ಕರೀರಿ. ಈ ರಂಗಮಂದಿರದೋರು ಮುಂದಿನ ವರ್ಷನೂ ನಾಟಕ ಬರೆಸ್ತಾರೆ ಅಂತ ಏನು ಗ್ಯಾರಂಟಿ ಐತೆ?”

ಊಟ ಮಾಡಿ ಅಂದರೂ ಕೇಳಲಿಲ್ಲ. ಬಸ್ಸು ತಪ್ಪುತ್ತದೆ ಅಂತ ಹೊರಟೇಬಿಟ್ಟರು. ಐದೂ ನೋಟ್‌ಬುಕ್ಕು ನನ್ನ ಹತ್ತಿರ ಬಿಟ್ಟಿದ್ದಾರೆ. ಅವತ್ತಿನಿಂದ ಒಂದು ಕಡೆ ಕೂರಲಿಕ್ಕಾಗುತ್ತಿಲ್ಲ. ಐದನ್ನೂ ನೆಲಕ್ಕೆ ಹರಡಿಕೊಂಡು, ಗುರುತಿನ ಪದ ಹುಡುಕಿ ಹುಡುಕಿ ಒಂದೇ ಪುಸ್ತಕಕ್ಕೆ ಇಳಿಸಿದ್ದೇನೆ. ಒಂದು ಮಾತೂ ಹೆಚ್ಚಿಲ್ಲ, ಒಂದು ಮಾತೂ ಕಮ್ಮಿಯಿಲ್ಲ. ಐವರದೂ ಕೀಲಿಗೆ ಕೀಲು ಕೂಡುತ್ತದೆ.

ರಂಗಮಂದಿರದ ವ್ಯವಸ್ಥಾಪಕರಿಗೆ ಫೋನ್ ಮಾಡಿದೆ. ಪುಣ್ಯಾತ್ಮ, ಚೆನ್ನಾಗೇ ಮಾತಾಡಿದರು. “ಆದೇಶ ಇನ್ನೂ ಹೊರಟಿಲ್ಲ ಮೇಡಂ. ಬರುವ ಗುರುವಾರ ಕೊನೇ ಮೀಟಿಂಗ್. ಮೂವರೂ ಒಪ್ಪಿದರೆ ಹೊನ್ನಾಳಿ ಜಾಗ ಹೊನ್ನಾಳಿಗೇ.”

ಮೂವರೂ ಒಪ್ಪಿದರೆ.

ಉಳಿದಿಬ್ಬರಿಗೂ ಫೋನ್ ಮಾಡಿದೆ. ಪ್ರಿನ್ಸಿಪಾಲರು ಅಂದರು, “ಮುಗಿದ ವಿಷಯ ಅದು. ಸೈನ್ ಹಾಕಿದ ಮೇಲೆ ತೆಗೆದರೆ ಸಮಿತಿಯ ಮರ್ಯಾದೆ ಏನಾಗಬೇಕು?” ಕವಿಗಳು ಇನ್ನೂ ಒಂದು ಹೆಜ್ಜೆ ಮುಂದೆ. “ಪಾಪ ಅಂತ ಆರಿಸಬಾರದು ಮೇಡಂ. ನಾವು ಗುಣಮಟ್ಟ ನೋಡಬೇಕು.” ಪಾಪ ಅಂದವರು ಯಾರು ಮಾರಾಯರೇ? ನಾನು ಅಂದೆನಾ? ಶಾಂತಮ್ಮ ಅಂದರಾ? ಫೋನು ಇಟ್ಟ ಮೇಲೂ ಅಡುಗೆಮನೆಯಲ್ಲಿ ಒಬ್ಬಳೇ ಅವರ ಜೊತೆ ಜಗಳ ಆಡಿದ್ದೇನೆ.

ಜಾಗ ಹೊನ್ನಾಳಿಗೇ ಹೋಗಬಹುದು ಅಂತ ಹಳೇ ವಿದ್ಯಾರ್ಥಿಗೂ ಹೇಳಿದೆ. “ಆಯ್ತು ಮೇಡಂ,” ಅಂದ. ಖುಷಿಯಿಂದ ಅಂದದ್ದಲ್ಲ. ಅವನ ತಪ್ಪೇನಿದೆ ಇದರಲ್ಲಿ? ಆಸೆ ಹುಟ್ಟಿಸಿದವಳು ನಾನು.

ಗುರುವಾರ ಸಮಿತಿಯ ಮುಂದೆ ಎದ್ದು ನಿಂತು, ಆ ‘ಅಪೂರ್ಣ’ ಷರಾ ಬರೆಯುವ ಮುಂಚೆ ನಾನು ಓದಿದ್ದು ನಾಲ್ಕೇ ನಾಲ್ಕು ಪುಟ ಅಂತ ಹೇಳುವುದು ಖಾತ್ರಿ. ಅಷ್ಟು ಹೇಳಿ ಕೂತುಬಿಡಲಾ, ಅಥವಾ ಕೆಳಗೆ ಸಹಿ ಹಾಕಿದ ಆ ಇಬ್ಬರನ್ನೂ ‘ನೀವೆಷ್ಟು ಓದಿದ್ರಿ?’ ಅಂತ ಕೇಳಿಯೇ ಬಿಡಲಾ?