ಹದಿನೇಳಿಂಚಿನ ಚಕ್ರ, ಹೇಳದೇ ಹೋದ ಒಂದು ಮಾತು

ಕಾರಿಗೆ ದೊಡ್ಡ ಚಕ್ರ ಹಾಕಿಸಬೇಕು ಎಂದು ಯಾರಾದರೂ ನನ್ನ ಹತ್ತಿರ ಬಂದರೆ, ಮೊದಲು ಅವರನ್ನು ಟೈರಿನ ಪಕ್ಕ ಕೂರಿಸಿ ಅದರ ಮೇಲಿನ ಅಂಕಿಗಳನ್ನು ಓದಿಸುತ್ತೇನೆ. ಮೊದಲನೆಯದು ಟೈರಿನ ಅಗಲ. ಕೊನೆಯದು ಒಳಗಿನ ಚಕ್ರ ಎಷ್ಟು ಇಂಚಿನದು ಎಂಬುದು. ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಹದಿನಾರು, ಹದಿನೇಳು ಎಂದು ಹಿಗ್ಗುತ್ತಾರೆ. ನೀವು ನೋಡಬೇಕಾದದ್ದು ನಡುವಿನ ಅಂಕಿಯನ್ನು. ರಬ್ಬರಿನ ಎತ್ತರ ಹೇಳುವುದು ಅದು. ಕಾರಿನಲ್ಲಿ ಟೈರಿಗೆ ಬಿಟ್ಟಿರುವ ಜಾಗ ಇಷ್ಟೇ ಎಂದಿರುತ್ತದೆ. ಚಕ್ರ ದೊಡ್ಡದಾದಷ್ಟೂ ರಬ್ಬರು ತೆಳ್ಳಗಾಗಲೇಬೇಕು. ಇಲ್ಲವಾದರೆ ಟೈರು ಮೇಲಿನ ಮಡ್‌ಗಾರ್ಡಿಗೆ ಉಜ್ಜುತ್ತದೆ, ಮೀಟರು ತಪ್ಪು ವೇಗ ತೋರಿಸುತ್ತದೆ. ಪಟ್ಟಣದ ನುಣ್ಣನೆ ರಸ್ತೆಯಲ್ಲಿ ತೆಳ್ಳಗಿನ ರಬ್ಬರು ನಡೆದೀತು. ಹೊಸನಗರದಿಂದ ಹುಲಿಕಲ್ ಘಾಟಿಯ ಗುಂಡಿಗಳ ದಾರಿಯಲ್ಲಿ ಹೋಗುವವನಿಗೆ ನಡೆಯುವುದಿಲ್ಲ.

ಇಷ್ಟೆಲ್ಲ ತಿಳಿದ ನಾನೇ ಹದಿನೇಳು ಹಾಕಿಸಿಕೊಂಡು ಬಂದೆ. ಹೇಗೆ ಎಂದು ಹೇಳಬೇಕಾದರೆ ಒಂದು ಮಾತಿನಿಂದ ಶುರುಮಾಡಬೇಕು: ‘ಹೊತ್ತಾತು’.

ಹಳೇ ಪಂಪ್‌ಸೆಟ್ ಕೊಂಡು, ಬಿಚ್ಚಿ, ರಿಪೇರಿ ಮಾಡಿ ಮಾರುತ್ತ ಹೊಸನಗರದಲ್ಲಿ ಸ್ವಂತ ಅಂಗಡಿ ಇಟ್ಟವನು ನಾನು. ಯಾರೂ ಕೈಹಿಡಿದು ಕಲಿಸಲಿಲ್ಲ. ಅಣ್ಣ ತಮ್ಮ ಇಲ್ಲದ ನನಗೆ ‘ನನ್ನ ಕಡೆಯವನು’ ಎಂದು ಇದ್ದವನು ಒಬ್ಬನೇ, ತೀರ್ಥಹಳ್ಳಿಯ ಗೆಳೆಯ. ಮದುವೆ ಮನೆಗಳಿಗೆ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವ ವ್ಯಾಪಾರ ಅವನದು. ಇಪ್ಪತ್ತು ವರ್ಷ ನಾವಿಬ್ಬರೂ ದೊಡ್ಡ ಸಾಮಾನು ಕೊಳ್ಳಲು ಜೊತೆಯಾಗಿಯೇ ಹೋದೆವು. ಅವನ ಜನರೇಟರ್ ಕೊಳ್ಳಲು ನಾನು, ನನ್ನ ಅಂಗಡಿಯ ಶಟರ್ ಹಾಕಿಸಲು ಅವನು.

ನಮ್ಮ ಪದ್ಧತಿ ಸರಳ. ಕೊಳ್ಳುವವನು ಕೂತು ಮಾತಾಡಬೇಕು. ಜೊತೆಗೆ ಬಂದವನು ಸುಮ್ಮನಿರಬೇಕು. ಅಂಗಡಿಯವನ ಬೆಲೆ ಇನ್ನು ಅಲುಗಾಡುವುದಿಲ್ಲ ಅನ್ನಿಸಿದಾಗ ಜೊತೆಯವನು ‘ಹೊತ್ತಾತು, ನಡಿ’ ಎಂದು ಎದ್ದುಬಿಡಬೇಕು. ಇಬ್ಬರೂ ಬಾಗಿಲ ಕಡೆ ನಡೆಯಬೇಕು. ಮೂರನೇ ಹೆಜ್ಜೆಗೆ ಹಿಂದಿನಿಂದ ಕೂಗು ಬರುತ್ತದೆ: ‘ಬನ್ನಿ ಬನ್ನಿ, ಕೂತ್ಕಳಿ, ಎಂತ ಅರ್ಜೆಂಟು?’ ಆ ಮಾತನ್ನು ಕೊಳ್ಳುವವನೇ ಆಡಬಾರದು. ಯಾಕೆಂದರೆ ಅವನ ಕಣ್ಣು ಸಾಮಾನಿನ ಮೇಲೇ ಇರುತ್ತದೆ, ಎದ್ದರೂ ಕಾಲು ಏಳುವುದಿಲ್ಲ. ಅಂಗಡಿಯವನಿಗೆ ಅದು ಗೊತ್ತಾಗಿಬಿಡುತ್ತದೆ. ಇದನ್ನು ನೀವೂ ಇಟ್ಟುಕೊಳ್ಳಬಹುದು. ಆದರೆ ಜೊತೆಗೆ ಯಾರನ್ನು ಕರೆದುಕೊಂಡು ಹೋಗುತ್ತೀರಿ ಎಂಬುದನ್ನು ಮಾತ್ರ ನೋಡಿಕೊಳ್ಳಿ.

ನನ್ನ ಕಾರು ಸೆಕೆಂಡ್ ಹ್ಯಾಂಡ್, ಕಡುನೀಲಿ, ಸಣ್ಣದಾದರೂ ಸ್ಪೋರ್ಟಿ. ಅಕ್ಸಿಲರೇಟರ್ ಮುಟ್ಟಿದರೆ ಚಿಮ್ಮುವಂಥದ್ದು. ಹದಿನಾರಿಂಚಿನ ಕಂಪನಿಯ ಅಲಾಯ್ ಚಕ್ರ ಇತ್ತು. ಗೆಳೆಯನದೂ ಅದೇ ಕಾರು. ಅವನದು ಕೆಳಗಿನ ದರ್ಜೆಯದು, ಹದಿನೈದಿಂಚಿನ ಕಬ್ಬಿಣದ ಚಕ್ರ, ಮೇಲೆ ಪ್ಲಾಸ್ಟಿಕ್ ಮುಚ್ಚಳ. ನಮ್ಮ ಮನೆಗೆ ಬಂದಾಗಲೆಲ್ಲ ನನ್ನ ಚಕ್ರದ ಮೇಲೆ ಒಮ್ಮೆ ಕೈಯಾಡಿಸುತ್ತಿದ್ದ. ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ.

ಟೈರು ಸವೆದು ಹೊಸದು ಹಾಕಿಸಬೇಕಾದಾಗ ನನಗೆ ಆಸೆ ಹುಟ್ಟಿತು. ಚಕ್ರ ಇನ್ನಷ್ಟು ತುಂಬಿಕೊಂಡು ಕಾಣಬೇಕು.

‘ಎಂತಕ್ಕೆ ದೊಡ್ಡ ಚಕ್ರ? ಮೊದ್ಲು ಗೇಟು ದೊಡ್ಡದು ಮಾಡ್ಸಿ’ ಎಂದಳು ಹೆಂಡತಿ. ಹಿಂದಿನ ವಾರ ಗೇಟಿನ ಕಲ್ಲುಕಂಬಕ್ಕೆ ಉಜ್ಜಿ ಹಿಂದಿನ ಎಡಚಕ್ರದ ಅಂಚಿನಲ್ಲಿ ಅರ್ಧಚಂದ್ರದಂಥ ಗೀರು ಮಾಡಿಕೊಂಡಿದ್ದೆ. ಬೆಳ್ಳಿಬಣ್ಣದ ಪೇಂಟು ತಂದು ನಾನೇ ಹಚ್ಚಿದ್ದೆ. ಬಣ್ಣ ಒಂಚೂರು ಹೊಂದಿರಲಿಲ್ಲ.

ನನ್ನ ಲೆಕ್ಕ ಸರಿಯಾಗಿಯೇ ಇತ್ತು. ಇರುವ ಹದಿನಾರರ ಚಕ್ರವನ್ನೇ ಇಟ್ಟುಕೊಂಡು, ಒಂದು ಅಳತೆ ಅಗಲವಾದ ಟೈರು ಹಾಕಿಸುವುದು. ರಬ್ಬರು ದಪ್ಪಗೇ ಉಳಿಯುತ್ತದೆ, ನೋಟವೂ ತುಂಬುತ್ತದೆ. ಇದನ್ನು ಫೋನಿನಲ್ಲಿ ಗೆಳೆಯನಿಗೆ ಹೇಳಿ, ಸಾಗರದ ಒಂದು ಟೈರ್ ಅಂಗಡಿಗೆ ಬಾ ಎಂದೆ. ಬಂದ. ಬಸ್ಸಿನಲ್ಲಿ ಬಂದ. ‘ಕಾರು ಗ್ಯಾರೇಜಲ್ಲಿ ಬಿಟ್ಟಿದೀನಿ ಮಾರಾಯ’ ಎಂದ.

ಅಂಗಡಿಯವನು ಹದಿನೇಳರ ಕಪ್ಪು ಚಕ್ರವೊಂದನ್ನು ತಂದು ನನ್ನ ಕಾರಿಗೆ ಒರಗಿಸಿ ನಿಲ್ಲಿಸಿದ. ಸುಳ್ಳು ಯಾಕೆ ಹೇಳಲಿ, ಚೆಂದ ಕಾಣುತ್ತಿತ್ತು.

‘ರಬ್ಬರು ತೆಳ್ಳಗಾಗ್ತದೆ’ ಎಂದೆ.

‘ಎಷ್ಟು ತೆಳ್ಳಗೆ? ಒಂದು ಬೆರಳು’ ಎಂದ ಗೆಳೆಯ. ಅವನು ಮಾತಾಡಬಾರದಿತ್ತು. ‘ನೀನೇನು ದಿನಾ ಘಾಟಿ ಇಳೀತೀಯಾ? ಗುಂಡಿ ಬಂದ್ರೆ ನಿಧಾನ ಹೋಗು.’

‘ಹಳೇ ಚಕ್ರ ನಮಗೆ ಬಿಟ್ರೆ ಎಕ್ಸ್‌ಚೇಂಜ್ ಹಿಡಿದು ಬೆಲೆ ಇಳಿಸ್ತೀನಿ ಅಣ್ಣ’ ಎಂದ ಅಂಗಡಿಯವನು.

ಅವನು ಹೇಳಿದ ಬೆಲೆ ನನಗೆ ಒಪ್ಪಿಗೆಯಿರಲಿಲ್ಲ. ಎಳೆದಷ್ಟು ಎಳೆದೆ. ಆಮೇಲೆ ಸುಮ್ಮನಾಗಿ ಕಾದೆ. ಗೆಳೆಯ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಕೆಮ್ಮಿದೆ. ಅವನು ಇನ್ನೊಂದು ಟೀ ಹೇಳಿದ. ಕೊನೆಗೆ ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ.

‘ಕೊಟ್ಬಿಡು ಮಾರಾಯ’ ಎಂದ. ‘ಹಳೇ ಚಕ್ರ ಮನೆಗೆ ಒಯ್ದು ಎಂತ ಮಾಡ್ತಿ? ಕೋಳಿ ಕೂರಿಸ್ತೀಯಾ?’

ಅಂಗಡಿಯವನು ನಕ್ಕ. ನಾನೂ ನಕ್ಕೆ. ವ್ಯಾಪಾರ ಮುಗಿಯಿತು.

ಇನ್ನೊಂದು ಬುದ್ಧಿಮಾತು ಇಲ್ಲೇ ಹೇಳಿಬಿಡುತ್ತೇನೆ. ಚಕ್ರ ಬದಲಿಸಿದ ಮೇಲೆ ಖಾಲಿ ಕಾರನ್ನು ಓಡಿಸಿ ನೋಡಿ ತಲೆಯಾಡಿಸಬೇಡಿ. ಹಿಂದಿನ ಸೀಟಿನಲ್ಲಿ ಮೂವರನ್ನು ಕೂರಿಸಿ, ಸ್ಟಿಯರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ, ಒಂದು ಹಂಪ್ ದಾಟಿಸಿ ನೋಡಿ. ನಾನು ನೋಡಲಿಲ್ಲ. ಹೆಂಡತಿಯ ತವರಿನವರನ್ನು ಕೂರಿಸಿಕೊಂಡು ಹೋದ ದಿನ ಪ್ರತಿ ಹಂಪಿಗೂ ಹಿಂದೆ ಟೈರು ಮಡ್‌ಗಾರ್ಡಿಗೆ ‘ಕರ್’ ಎಂದು ಉಜ್ಜಿತು. ‘ಯಾರೋ ಹಿಂದೆ ಹಲ್ಲು ಕಡೀತಿದಾರೆ ಭಾವ’ ಎಂದು ಹೆಂಡತಿಯ ತಮ್ಮ ನಗಾಡಿದ. ಒಂದು ತಿಂಗಳಾಗಿರಲಿಲ್ಲ, ಹುಲಿಕಲ್ ಹತ್ತಿರ ಮಳೆನೀರು ತುಂಬಿದ ಗುಂಡಿಗೆ ಮುಂದಿನ ಚಕ್ರ ಇಳಿಯಿತು. ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಗುಳ್ಳೆ ಎದ್ದಿತು, ಚಕ್ರದ ಅಂಚು ಬಗ್ಗಿತು.

ಸಾಗರಕ್ಕೆ ಹೋಗಿ ನನ್ನ ಹಳೇ ಚಕ್ರ ವಾಪಸು ಕೊಡು, ಏನಾಗುತ್ತೋ ಕೊಡೋಣ ಎಂದೆ.

‘ಹೋಯ್ತಲ್ಲ ಅಣ್ಣ, ಅದೇ ವಾರ’ ಎಂದ ಅಂಗಡಿಯವನು. ‘ತೀರ್ಥಳ್ಳಿ ಕಡೆ ಪಾರ್ಟಿ.’

‘ಯಾರು?’

ಅವನು ಟೈರುಗಳ ಸಾಲಿನ ಕಡೆ ತಿರುಗಿ, ‘ಹೆಸರು ನೆನಪಿಲ್ಲ’ ಎಂದ.

ತೀರ್ಥಹಳ್ಳಿ ಎಂದ ಕೂಡಲೇ ನನಗೆ ಧೈರ್ಯ ಬಂತು. ಅಲ್ಲಿ ನನ್ನ ಕಡೆಯವನು ಇದ್ದಾನೆ. ಆ ಪಾರ್ಟಿಯನ್ನು ಹುಡುಕಿಸುತ್ತಾನೆ, ಇಬ್ಬರೂ ಹೋಗಿ ಕೂರುತ್ತೇವೆ, ಈ ಸಲ ‘ಹೊತ್ತಾತು’ ಎನ್ನುವುದನ್ನು ಮರೆಯಬೇಡ ಎಂದು ದಾರಿಯಲ್ಲಿ ಬೈದು ಹೇಳುತ್ತೇನೆ. ಇದನ್ನೇ ಯೋಚಿಸುತ್ತ ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ.

ಅವನ ಗೋದಾಮಿನ ಅಂಗಳದಲ್ಲಿ ಶಾಮಿಯಾನದ ಬಟ್ಟೆ ಒಣಗಲು ಹಾಕಿತ್ತು. ಅದರ ಆಚೆ ಕಾರು. ಪ್ಲಾಸ್ಟಿಕ್ ಮುಚ್ಚಳ ಇರಲಿಲ್ಲ. ಹದಿನಾರರ ಅಲಾಯ್ ಚಕ್ರ, ದಪ್ಪ ಹೊಸ ಟೈರು, ನಾನು ಫೋನಿನಲ್ಲಿ ಹೇಳಿದ್ದ ಅದೇ ಅಳತೆ. ಕಂಪನಿಯ ಚಕ್ರ ಯಾರ ಕಾರಿಗಾದರೂ ಇರಬಹುದು ಎಂದುಕೊಂಡು ಸುತ್ತು ಬಂದೆ. ಹಿಂದಿನ ಎಡಚಕ್ರದ ಪಕ್ಕ ಕೂತು ನೋಡಿದೆ. ಅಂಚಿನಲ್ಲಿ ಅರ್ಧಚಂದ್ರ. ಹೊಂದದ ನನ್ನ ಬೆಳ್ಳಿಬಣ್ಣ.

ಗೆಳೆಯ ಒಳಗಿಂದ ಬಂದ. ನನ್ನನ್ನು ನೋಡಿದ, ನಾನು ಕೂತಲ್ಲಿ ನೋಡಿದ.

‘ಬಾ, ಒಳಗೆ ಬಾ. ಕಾಫಿ ಕುಡಿ.’

ಪಾತ್ರೆಗಳ ನಡುವೆ ಎರಡು ಕುರ್ಚಿ. ಕೂತೆವು.

‘ಚೆಂದ ಕೂತಿದೆ’ ಎಂದೆ.

‘ಹ್ಞೂಂ.’

‘ಮೊದ್ಲೇ ಮಾತಾಡಿ ಇಟ್ಟಿದ್ಯಾ?’

‘ಹಿಂದಿನ ದಿನ’ ಎಂದ. ಅವನು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

‘ನನ್ನೇ ಕೇಳಿದ್ರೆ ಕೊಡ್ತಿರ್ಲಿಲ್ವಾ?’

‘ಕೊಡ್ತಿದ್ದೆ. ನೀನು ಬೆಲೆ ಹೇಳಿ ಕೊಡ್ತಿದ್ದೆ. ನಾನೊಂದು ಕೇಳ್ತಿದ್ದೆ, ನೀನು ಎಳೀತಿದ್ದೆ. ಇಪ್ಪತ್ತು ವರ್ಷದಲ್ಲಿ ಒಂದು ಹಳೇ ಮೋಟರಾದ್ರೂ ನಂಗೆ ಎಳೀದೆ ಕೊಟ್ಟಿದೀಯಾ?’ ಅವನು ಲೋಟ ಕೆಳಗಿಟ್ಟ. ‘ನಿನ್ನ ಎದುರಿಗೆ ಕೂತ್ರೆ ನನ್ನ ಕಡೆಯಿಂದ ಹೊತ್ತಾತು ಅನ್ನೋಕೆ ಯಾರಿದ್ರು ಹೇಳು?’

ನನ್ನ ಬಾಯಲ್ಲಿ ಉತ್ತರಗಳಿದ್ದವು. ಅದಕ್ಕೆ ಇದಾ ದಾರಿ ಎನ್ನಬಹುದಿತ್ತು. ನಾನು ಗುಂಡಿಗೆ ಬಿದ್ದು ಸತ್ತಿದ್ದರೆ ಎನ್ನಬಹುದಿತ್ತು. ನನ್ನ ವಿರುದ್ಧ ನನ್ನ ಪಕ್ಕದಲ್ಲೇ ಕೂತು ಟೀ ಕುಡಿದೆಯಲ್ಲ ಎನ್ನಬಹುದಿತ್ತು. ನನ್ನ ಲೋಟವನ್ನೂ ಕೆಳಗಿಟ್ಟೆ.

‘ಬೇಕಾದ್ರೆ ಈಗ್ಲೇ ಬಿಚ್ಚಿ ಕೊಡ್ತೀನಿ’ ಎಂದ. ‘ಏನು ಕೊಡ್ತಿ ಹೇಳು.’

ಕೊನೆಯ ಮಾತು ಅವನ ಬಾಯಿಂದ ಅಭ್ಯಾಸಬಲದಿಂದ ಬಂದದ್ದು. ಆಡಿದ ಮೇಲೆ ಅವನೇ ತಲೆ ತಗ್ಗಿಸಿದ. ಚಕ್ರ ನನಗೆ ಬೇಕಾಗಿತ್ತು. ಆ ಗೀರಿನ ಸಮೇತ ಬೇಕಾಗಿತ್ತು. ಆದರೂ ಒಂದು ಅಂಕಿ ಹೇಳಲು ನಾಲಿಗೆ ಏಳಲಿಲ್ಲ.

‘ಹೊತ್ತಾತು’ ಎಂದು ಎದ್ದೆ.

ಎದ್ದ ಕೂಡಲೇ ಪಕ್ಕದಲ್ಲಿ ಕುರ್ಚಿ ಸರಿದ ಸದ್ದಾಯಿತು. ಅವನೂ ಎದ್ದಿದ್ದ. ಇಪ್ಪತ್ತು ವರ್ಷ ಆ ಮಾತು ಕೇಳಿದಾಗಲೆಲ್ಲ ಎದ್ದ ಹಾಗೆ, ಯೋಚನೆಯಿಲ್ಲದೆ ಎದ್ದಿದ್ದ. ಇಬ್ಬರೂ ಬಾಗಿಲ ಕಡೆ ನಡೆದೆವು. ಒಂದು ಹೆಜ್ಜೆ, ಎರಡು. ಮೂರನೆಯದಕ್ಕೆ ನಾನು ಅರಿವಿಲ್ಲದೆ ನಿಧಾನಿಸಿದೆ. ಅವನೂ ನಿಧಾನಿಸಿದ. ಹಿಂದೆ ಖಾಲಿ ಕುರ್ಚಿಗಳಿದ್ದವು, ಬೋರಲು ಹಾಕಿದ ಪಾತ್ರೆಗಳಿದ್ದವು. ‘ಬನ್ನಿ, ಕೂತ್ಕಳಿ’ ಎಂದು ಕರೆಯಲು ಒಳಗೆ ಯಾರೂ ಉಳಿದಿರಲಿಲ್ಲ.