ಕಾಕಾನ ಗಂಟಲು, ನಾಯಿಯ ಮೂರ್ಛೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಾಯಿಯದೇನೂ ತಪ್ಪಿಲ್ಲ. ಕಾಕಾನದೂ ಇಲ್ಲ. ಭಾಲ್ಕಿ ಬಸ್ ನಿಲ್ದಾಣದಲ್ಲಿ ಅಷ್ಟು ಜನರ ಎದುರಿಗೆ ಕಾಕಾನ ಇಜ್ಜತ್ತು ಹೋದದ್ದು ನನ್ನ ಗಂಟಲಿನಿಂದ ಮತ್ತು ನನ್ನ ಜೇಬಿನಲ್ಲಿದ್ದ ಟೋಸ್ಟಿನಿಂದ.

ನಾನು ಬೀದರಿನವನು. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಮೂರನೆಯ ಸಲ ಅದು ನನ್ನ ಬಾಯಿಂದ ಬರುತ್ತದೆ. ಶಾಲೆಯಲ್ಲಿ ಹೆಡ್‌ಮಾಸ್ತರರ ದನಿಯಲ್ಲಿ ರಜೆ ಸಾರಿ ಹೊಡೆತ ತಿಂದಿದ್ದೇನೆ. ಹೊಡೆಯುವಾಗ ಅವರು ಬೈದ ಬೈಗುಳವನ್ನು ಸಂಜೆ ಅವರದೇ ದನಿಯಲ್ಲಿ ಓಣಿಗೆಲ್ಲ ಕೇಳಿಸಿ ಮರುದಿನ ಮತ್ತೆ ತಿಂದಿದ್ದೇನೆ. ನನ್ನ ಸ್ವಂತ ದನಿ ಹೇಗಿದೆಯೆಂದು ನನಗೇ ಗೊತ್ತಿಲ್ಲ. ಅವ್ವನ ಪ್ರಕಾರ, ಹರಿದ ಹಲಗೆ ಬಡಿದಂತೆ.

ಹೋದ ಬೇಸಿಗೆಯಲ್ಲಿ ಭಾಲ್ಕಿಯ ಕಾಕಾನ ಮನೆಯಲ್ಲಿ ಒಂದು ತಿಂಗಳು ಇದ್ದೆ. ಕಾಕಾ ಮಹತ್ವದ ಮಾತು ಆಡುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರೆ. ಅದಕ್ಕೆ ಮೂರು ಹಂತ. ಟ್ರ್ಯಾಕ್ಟರ್ ಚಾಲೂ ಆದಂತೆ ಒಂದು 'ಖರ್ರ್', ಗೇರು ಬಿದ್ದಂತೆ 'ಖ್ಖಾಂ', ಕೊನೆಗೆ ಒಂದು ತೃಪ್ತಿಯ 'ಹ್ಹೂಂ'. ಇಷ್ಟಾದ ಮೇಲೆ, "ನೋಡ್ರಿ, ಬಾತ್ ಏನದ ಅಂದ್ರ…" ಇಂಥ ಗಂಟಲು ಕೈಗೆ ಸಿಕ್ಕಮೇಲೆ ನನ್ನಂಥವನು ಸುಮ್ಮನಿರುವುದುಂಟೇ?

ಆ ಮನೆಯಲ್ಲಿ ಒಂದು ಕರಿ ನಾಯಿ. ಔರಾದ ತಾಲ್ಲೂಕಿನ ಡಾಬಕಾದಿಂದ ಬಂದದ್ದು. ಅಲ್ಲಿ ಕುರಿ ಸಾಕಿಕೊಂಡಿರುವ ಆಯಿ, ಅಂದರೆ ಕಾಕಿಯ ತಾಯಿ, ಅದನ್ನು ಮರಿಯಿದ್ದಾಗ ಕೊಟ್ಟಿದ್ದಳು. ಆಯಿಯ ಮನೆಯಲ್ಲಿ ನಾಯಿಮರಿ ಮಾರುವುದಿಲ್ಲ. ಹಣೆಗೆ ಅರಿಶಿನ ಹಚ್ಚಿ, ಒಂದು ಸೇರು ಜೋಳದ ಸಮೇತ, ಹೆಣ್ಣು ಕೊಟ್ಟಂತೆ ಕೊಡುತ್ತಾರೆ. ಸರಿಯಾಗಿ ಬೆಳೆಸದಿದ್ದರೆ ಬಂದು ವಾಪಸ್ ಒಯ್ಯುತ್ತಾರೆ. "ನನ್ನ ಕೊಡುವಾಗ ಈ ಷರತ್ತು ಹಾಕಿದ್ದಿಲ್ಲ ನೋಡು ನಮ್ಮವ್ವ," ಎಂದು ಕಾಕಿ ಇವತ್ತಿಗೂ ತಕರಾರು ಮಾಡುತ್ತಾಳೆ. ಕಾಕಾನಿಗೆ ಮಾತ್ರ ಆ ನಾಯಿಯೆಂದರೆ ಜೀವ. ತಟ್ಟೆಯ ಎರಡು ರೊಟ್ಟಿಯಲ್ಲಿ ಒಂದು ಅದರದೇ.

ಮಧ್ಯಾಹ್ನ ಎಲ್ಲರೂ ಮಲಗಿದಾಗ ನಾನು ಕಾಕಾನ ದನಿಯಲ್ಲಿ 'ಖರ್ರ್, ಖ್ಖಾಂ, ಹ್ಹೂಂ' ಎನ್ನುತ್ತಿದ್ದೆ. ನಾಯಿಯನ್ನು ಅಂಗಾತ ಕೆಡವಿ, ನಾಲ್ಕೂ ಕಾಲು ಮೇಲೆ ಮಾಡಿಸಿ ಒಂದು ಟೋಸ್ಟ್ ಕೊಡುತ್ತಿದ್ದೆ. ಎಂಟು ದಿನದಲ್ಲಿ ಅದು ಪಾಸಾಯಿತು. ಖ್ಖಾಂ ಅಂದರೆ ಸಾಕು, ದೊಪ್ಪನೆ ಬಿದ್ದು ಕಾಲು ನಡುಗಿಸುತ್ತಿತ್ತು. ಕಾಲು ನಡುಗಿಸಲು ನಾನು ಕಲಿಸಿರಲಿಲ್ಲ. ಅದು ನಾಯಿಯ ಸ್ವಂತ ಪ್ರತಿಭೆ.

ಇದು ನಮ್ಮಿಬ್ಬರ ಗುಟ್ಟು ಎಂದುಕೊಂಡಿದ್ದೆ. ಅಸಲಿ ಗಂಟಲು ಊರೆಲ್ಲ ತಿರುಗುತ್ತದೆ ಎನ್ನುವುದು ತಲೆಗೇ ಹೊಳೆದಿರಲಿಲ್ಲ.

ಮೊದಲ ಸಲ ಬಿದ್ದದ್ದು ಕಿರಾಣಿ ಅಂಗಡಿಯ ಮುಂದೆ. ಚೌಕಾಸಿ ಮಾಡಲು ಕಾಕಾ ಗಂಟಲು ಸರಿಮಾಡಿಕೊಂಡರು, ನಾಯಿ ಉರುಳಿತು. ಅಂಗಡಿಯವನು ತಕ್ಕಡಿ ಹಿಡಿದುಕೊಂಡೇ ಬಗ್ಗಿ ನೋಡಿ, "ಬ್ಯಾಳಿ ರೇಟ್ ನಾ ಇನ್ನಾ ಹೇಳೇ ಇಲ್ಲರಿ ಸಾಹೇಬ್ರ, ನಿಮ್ಮ ನಾಯಿ ಆಗಲೇ ಬಿತ್ತಲ್ಲರಿ!" ಎಂದ.

ಕಾಕಾ ಗಾಬರಿಯಾಗಿ ಅದನ್ನು ಜೀಪಿನಲ್ಲಿ ಹಾಕಿಕೊಂಡು ಬೀದರಿಗೆ, ದನದ ಡಾಕ್ಟರ ಬಳಿಗೆ ಒಯ್ದರು. ನಾನೂ ಹೋದೆ. ಡಾಕ್ಟರು ಕಿವಿ, ನಾಲಿಗೆ, ಹೊಟ್ಟೆ ಎಲ್ಲ ನೋಡಿ, "ಠೀಕ್ ಅದಲ್ರಿ. ಯಾವಾಗ ಬೀಳ್ತದ?" ಎಂದರು. ವಿವರಿಸಲು ಕಾಕಾ ಶುರು ಮಾಡಿದರು: ಖರ್ರ್, ಖ್ಖಾಂ… ನಾಯಿ ಟೇಬಲ್ಲಿನ ಮೇಲೇ ಕಾಲೆತ್ತಿತು. ಹಿಂದೆ ಪಾಳಿಯಲ್ಲಿದ್ದ ಬಗದಲ್ ಊರಿನ ರೈತನೊಬ್ಬ ತನ್ನ ಎಮ್ಮೆಯನ್ನು ದೂರ ಎಳೆದುಕೊಂಡು, "ಆ ಕಡಿ ಹಿಡೀರಿ ಯಪ್ಪಾ, ನಮ್ಮ ಎಮ್ಮಿಗಿ ಹತ್ತೀತು ಬೀಮಾರಿ!" ಎಂದು ಕೂಗಿದ. ನಿಜ ಹೇಳಬೇಕಿದ್ದುದು ಆಗಲೇ. ನಾನು ನಗು ಹೊರಬರದಂತೆ ಬಾಯಿಗೆ ಅಂಗೈ ಒತ್ತಿಕೊಂಡು ನಿಂತಿದ್ದೆ. ಪಾಪ, ಅಳುತ್ತಿದ್ದಾನೆಂದು ಕಾಕಾ ನನ್ನ ಬೆನ್ನು ಸವರಿದರು.

ಯಾರೋ ವಿಡಿಯೋ ಮಾಡಿದ್ದರು. ಸಂಜೆಯೊಳಗೆ ಅದು ಡಾಬಕಾ ಮುಟ್ಟಿತು. ಆಯಿಯ ಫೋನು ಬಂತು: "ಸೋಮವಾರ ಬರ್ತೇನಿ. ನಾಯಿ ಒಯ್ತೇನಿ. ಬಸ್‌ಸ್ಟ್ಯಾಂಡಿಗೇ ತರ್ರಿ."

ಅಂದು ಕಾಕಾ ಎರಡೂ ರೊಟ್ಟಿ ನಾಯಿಗೇ ಹಾಕಿದರು. ನಾನು ನನ್ನ ತಟ್ಟೆಯ ರೊಟ್ಟಿಯನ್ನು ಕಾಕಾನ ತಟ್ಟೆಗೆ ಸರಿಸಿದೆ. ಆದರೂ ಒಪ್ಪಿಕೊಳ್ಳುವ ಧೈರ್ಯ ಬರಲಿಲ್ಲ. ಉಪಾಯ ಹುಡುಕಿದೆ. ಸೋಮವಾರ ಕಾಕಾನ ಬಾಯಿಗೆ ದೊಡ್ಡದೊಂದು ಕಲ್ಲುಸಕ್ಕರೆ ತುರುಕಿ, "ಕಚ್ಚಬ್ಯಾಡ್ರಿ ಕಾಕಾ, ಚೀಪ್ರಿ. ಹೆದರಿಕಿ ಆಗಲ್ಲ," ಎಂದೆ. ನಾಯಿ ಸುಮ್ಮನಿರಲೆಂದು ಜೇಬಿನಲ್ಲಿ ನಾಲ್ಕು ಟೋಸ್ಟ್ ಇಟ್ಟುಕೊಂಡೆ.

ಔರಾದ ಬಸ್ಸಿನಿಂದ ಆಯಿ ಇಳಿದಳು. ನಿಂತಲ್ಲೇ ನಾಯಿಯ ಹಲ್ಲು ನೋಡಿದಳು, ಪಕ್ಕೆಲುಬು ಒತ್ತಿದಳು. "ಚಂದ ಅದಲ್ಲ! ಯಾಕ್ರಿ ಅಳಿಯಾರ, ಏನಾಗ್ಯದ ಇದಕ?"

ಕಾಕಾ ತಲೆಯಾಡಿಸಿದರು. ಆಯಿ ಬಿಡಲಿಲ್ಲ. "ಬಾಯಾಗ ಏನ್ ಇಟಗೊಂಡೀರಿ? ಮಾತಾಡ್ರಲ್ಲ!" ಕಾಕಾನ ಮುಖ ಕೆಂಪಗಾಯಿತು, ಕತ್ತಿನ ನರ ಉಬ್ಬಿತು. ಕಲ್ಲುಸಕ್ಕರೆ ಗುಳುಂ ಎಂದು ಒಳಗೆ ಹೋಯಿತು. ಅರ್ಧ ತಾಸಿನಿಂದ ತಡೆದಿಟ್ಟ ಗಂಟಲು ಒಮ್ಮೆಲೇ ಒಡೆಯಿತು. ಖರ್ರ್! ಖ್ಖಾಂ!

ನಾಯಿ ನಿಲ್ದಾಣದ ನಟ್ಟನಡುವೆ ಅಂಗಾತ ಬಿತ್ತು.

ಜನ ಮುತ್ತಿದರು. ಒಬ್ಬ ಉಳ್ಳಾಗಡ್ಡಿ ಒಡೆದು ಅದರ ಮೂಗಿಗೆ ಹಿಡಿದ. ಇನ್ನೊಬ್ಬ, "ಕಬ್ಬಿಣ ಹಿಡಸ್ರಿ, ಕಬ್ಬಿಣ," ಎನ್ನುತ್ತ ತನ್ನ ಬೈಕಿನ ಕೀಲಿಕೈ ಅದರ ಪಂಜದಲ್ಲಿ ಇಟ್ಟ. ನಾಯಿ ಕೀಲಿಕೈ ಹಿಡಿದುಕೊಂಡು, ಬೈಕು ಕೊಳ್ಳಲು ಬಂದ ಗಿರಾಕಿಯಂತೆ ಮಲಗಿತ್ತು.

ಆಯಿ ಮಾತ್ರ ಅಲುಗಲಿಲ್ಲ. "ಮೂರ್ಛೆ ಬಂದ ನಾಯಿ ಬಾಲಾ ಆಡಸ್ತದೇನು?" ಎಂದಳು. ನಾಯಿಯ ಕಣ್ಣು ಎಲ್ಲಿ ನೆಟ್ಟಿದೆಯೆಂದು ನೋಡಿದಳು. ಅದು ನೆಟ್ಟಿದ್ದು ನನ್ನ ಜೇಬಿನ ಮೇಲೆ. ಸೀದಾ ಬಂದು ಜೇಬಿಗೆ ಕೈ ಹಾಕಿ ಟೋಸ್ಟ್ ತೆಗೆದಳು. "ಈಗ ನೀ ಕೆಮ್ಮು."

"ಆಯಿ, ನಂಗ…"

"ಕೆಮ್ಮು ಅಂದೆ."

ಖರ್ರ್, ಖ್ಖಾಂ, ಹ್ಹೂಂ. ಎದ್ದು ಕೂತಿದ್ದ ನಾಯಿ ಮತ್ತೆ ಉರುಳಿತು. ಸುತ್ತಲಿದ್ದವರು ಹೊಟ್ಟೆ ಹಿಡಿದು ನಕ್ಕರು.

ಕಾಕಾ ನನ್ನನ್ನು ಬೈಯಲಿಲ್ಲ. ಬೆಪ್ಪಾಗಿ ಸುತ್ತಲೂ ನೋಡಿ, "ನಾ ಹಿಂಗ ಮಾಡ್ತೇನೇನ್ರಿ?" ಎಂದು ಕೇಳಿದರು. "ಬರೋಬರ್ ಹಿಂಗೇರಿ!" ಎಂದಿತು ಇಡೀ ನಿಲ್ದಾಣ.

ಆಮೇಲೆ ಕಾಕಾ ನಾಯಿಯ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು, ಗಂಟಲು ಸರಿಮಾಡಿಕೊಳ್ಳದೆ, ತೀರ ಸಣ್ಣ ದನಿಯಲ್ಲಿ ಕೇಳಿದರು: "ಹಂಗಾರ ನಾಯಿ ಒಯ್ಯಲ್ಲಲ್ರಿ ಅತ್ತಿ?"

ಆಯಿ ಟೋಸ್ಟನ್ನು ನಾಯಿಗೆ ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡಳು.

"ನಾಯಿ ಯಾಕ ಒಯ್ಲಿ? ಶ್ಯಾಣ್ಯಾ ಅದ, ಒಂದು ಟೋಸ್ಟಿಗಿ ಇಷ್ಟು ಕಲ್ತದ. ಇಂವಗ ಇವರವ್ವ ಇಷ್ಟು ವರ್ಷ ಬೆಳೆಸ್ಯಾಳ, ಬರೇ ಕೆಮ್ಮಾದು ಬರ್ತದ. ಇವನ ಚೀಲಾ ತರಸ್ರಿ, ಇಂವನ್ನ ಒಯ್ತೇನಿ."